ಇಳಿಜಾರಿಗೆ ಒಂದು ಹಳೆಯ ಪಿಕಪ್

ಕಾಫಿ ತೋಟದವರು ಹಳೆಯ ಪಿಕಪ್ಪನ್ನೋ ಜೀಪನ್ನೋ ನೋಡಲು ಹೋದಾಗ ಮೊದಲು ಕೇಳುವುದು ಒಂದೇ ಪ್ರಶ್ನೆ: ‘ಚೆನ್ನಾಗಿ ಎಳೆಯುತ್ತದೆಯೇ?’ ಮಾರುವವರೂ ಹೆಮ್ಮೆಯಿಂದ ಹೇಳಿಕೊಳ್ಳುವುದು ಅದನ್ನೇ. ಯಾವ ಏರನ್ನು ಎರಡನೇ ಗೇರಿನಲ್ಲಿ ಹತ್ತಿತು, ಗದ್ದೆಯ ಕೆಸರಿನಲ್ಲಿ ಹೂತಿದ್ದ ಯಾರ ಟ್ರ್ಯಾಕ್ಟರನ್ನು ಎಳೆದು ದಡ ಸೇರಿಸಿತು ಎಂಬ ಕಥೆಗಳು ಕಾಫಿ ಲೋಟದ ಜೊತೆಯಲ್ಲೇ ಬರುತ್ತವೆ. ಕಳೆದ ವರ್ಷ ನಾನೂ ಇಂಥ ಒಂದು ಗಾಡಿಯನ್ನು ಹುಡುಕುತ್ತಿದ್ದೆ. ಹುಡುಕುತ್ತ ಹೋದಂತೆ ಗಟ್ಟಿಯಾದ ನಂಬಿಕೆಯೆಂದರೆ, ಕೊಡಗಿನಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ: ಹಿಂದಿನ ಭಾರ ನೂಕುವಾಗ ಈ ಗಾಡಿ ತಡೆದು ನಿಲ್ಲುತ್ತದೆಯೇ?

ನಮ್ಮ ಜಿಲ್ಲೆಯ ನೆಲವೇ ಈ ಪ್ರಶ್ನೆಯನ್ನು ಹುಟ್ಟಿಸುತ್ತದೆ. ಕಾಫಿ ಬೆಳೆಯುವುದು ಮೇಲೆ, ಮಾರಾಟವಾಗುವುದು ಕೆಳಗೆ. ನಮ್ಮ ತೋಟ ಮಾದಾಪುರದ ಕಡೆಗಿದೆ. ಕಣದಲ್ಲಿ ಒಣಗಿಸಿದ ಕಾಫಿ ಹಣ್ಣಿನ, ಅಂದರೆ ಚೆರಿಯ, ಚೀಲಗಳು ಹೋಗುವುದು ಕುಶಾಲನಗರದ ಕಾಫಿ ಸಂಸ್ಕರಿಸುವ ವರ್ಕ್ಸ್‌ಗಳಿಗೆ. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದ್ದರೆ ಕುಶಾಲನಗರ ಇರುವುದು 830 ಮೀಟರಿನ ಆಸುಪಾಸಿನಲ್ಲಿ. ಅತ್ತ ಸಂಪಾಜೆ ಘಾಟಿಯೋ ಮಾಕುಟ್ಟದ ಘಾಟಿಯೋ ಆದರೆ ಇಳಿತ ಇನ್ನೂ ಹೆಚ್ಚು. ತುಂಬಿದ ಗಾಡಿ ಇಳಿಯುತ್ತದೆ, ಖಾಲಿ ಗಾಡಿ ಹತ್ತುತ್ತದೆ. ಗೊಬ್ಬರ, ಸುಣ್ಣ, ಸಿಮೆಂಟು ಮೇಲೆ ಬರುವುದುಂಟು, ಅದನ್ನು ಮರೆತಿಲ್ಲ. ಆದರೆ ಹತ್ತುವಾಗ ಸೋತ ಗಾಡಿ ನಿಂತುಬಿಡುತ್ತದೆ; ಚಕ್ರಕ್ಕೆ ಕಲ್ಲು ಕೊಟ್ಟು ಅರ್ಧ ಭಾರ ಇಳಿಸಿದರೆ ಕೆಲಸ ಮುಂದುವರಿಯುತ್ತದೆ. ಇಳಿಯುವಾಗ ಸೋತ ಗಾಡಿ ನಿಲ್ಲುವುದಿಲ್ಲ.

ಇದನ್ನು ಲೆಕ್ಕದಲ್ಲಿ ನೋಡಿದರೆ ಭಯ ಹೆಚ್ಚು ಸ್ಪಷ್ಟವಾಗುತ್ತದೆ. ಎರಡು ಟನ್ ತೂಗುವ ಪಿಕಪ್, ಅದರ ಹಿಂದೆ 800 ಕಿಲೋ ತೂಗುವ ಟ್ರೇಲರ್, ಮುನ್ನೂರು ಮೀಟರ್ ಇಳಿತ. ಈ ಇಳಿತದಲ್ಲಿ ಬಿಡುಗಡೆಯಾಗುವ ಶಕ್ತಿಯಿಂದ ಇಪ್ಪತ್ತೈದು ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಬಹುದು. ಅಷ್ಟು ಶಾಖದಲ್ಲಿ ಎಂಜಿನ್ ಮತ್ತು ಗಾಳಿ ನುಂಗದೆ ಉಳಿಸಿದ್ದೆಲ್ಲ ಬ್ರೇಕಿಗೇ ಹೋಗಬೇಕು. ಟ್ರೇಲರಿಗೆ ತನ್ನದೇ ಬ್ರೇಕ್ ಇಲ್ಲದಿದ್ದರೆ ಅದರ ಪಾಲೂ ಗಾಡಿಯ ಬ್ರೇಕಿನ ಮೇಲೆಯೇ ಬೀಳುತ್ತದೆ. ಕಾದ ಲೈನಿಂಗ್ ಹಿಡಿತ ಕಳೆದುಕೊಳ್ಳುತ್ತದೆ. ಬ್ರೇಕ್ ಎಣ್ಣೆ ಗಾಳಿಯ ತೇವವನ್ನು ಹೀರಿಕೊಳ್ಳುವ ಗುಣದ್ದು. ತೇವ ಸೇರಿದಷ್ಟೂ ಅದು ಕುದಿಯುವ ಉಷ್ಣಾಂಶ ಕೆಳಗಿಳಿಯುತ್ತದೆ. ಎಣ್ಣೆ ಕುದಿದು ಆವಿಯಾದರೆ ಪೆಡಲ್ ನೆಲಕ್ಕೆ ತಾಗುತ್ತದೆ, ಬ್ರೇಕ್ ಹಿಡಿಯುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯಿಂದಲೂ ನೀರು ಒಸರುವ ನಮ್ಮ ಊರಿನಲ್ಲಿ ಬ್ರೇಕ್ ಎಣ್ಣೆಯನ್ನು ಎರಡು ವರ್ಷಕ್ಕೊಮ್ಮೆಯಾದರೂ ಬದಲಿಸಬೇಕು. ಹಳೆಯ ಗಾಡಿ ಮಾರುವವರಲ್ಲಿ ‘ಬ್ರೇಕ್ ಎಣ್ಣೆ ಕೊನೆಯದಾಗಿ ಯಾವಾಗ ಬದಲಾಯಿತು?’ ಎಂದು ಕೇಳಿ. ಉತ್ತರಕ್ಕಿಂತ, ಆ ಪ್ರಶ್ನೆಗೆ ಅವರ ಮುಖ ಹೇಗಾಗುತ್ತದೆ ಎಂಬುದು ಹೆಚ್ಚು ತಿಳಿಸುತ್ತದೆ.

ನನ್ನ ಅಗತ್ಯ ಇಷ್ಟು. ಫೆಬ್ರವರಿ, ಮಾರ್ಚ್‌ನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟರೆ ರೊಬಸ್ಟಾ ಕಾಫಿಗೆ ಸ್ಪ್ರಿಂಕ್ಲರ್ ಹಾಕಲೇಬೇಕು. ಚಕ್ರದ ಮೇಲೆ ಕೂರಿಸಿದ ಡೀಸೆಲ್ ಪಂಪ್‌ಸೆಟ್ಟನ್ನು ಒಂದು ಕೆರೆಯಿಂದ ಇನ್ನೊಂದಕ್ಕೆ ಎಳೆಯಬೇಕು, ಪೈಪುಗಳನ್ನು ಹೊರಬೇಕು. ಕೊಯ್ಲಿನ ನಂತರ ಐವತ್ತು ಕಿಲೋ ಚೀಲಗಳನ್ನು ಒಂದಿಷ್ಟು ಹಿಂದಿನ ತೊಟ್ಟಿಯಲ್ಲಿ, ಒಂದಿಷ್ಟು ಟ್ರೇಲರಿನಲ್ಲಿ ಸಾಗಿಸಬೇಕು. ಮಳೆ ಹಿಡಿಯುವ ಮುನ್ನ ಬೋರ್ಡೋ (ಸುಣ್ಣ ಮತ್ತು ಮೈಲುತುತ್ತದ ದ್ರಾವಣ) ಸಿಂಪಡಣೆಗೆ ನೀರಿನ ಡ್ರಮ್ಮುಗಳು. ಇವೆಲ್ಲ ವರ್ಷದ ಕೆಲವೇ ವಾರಗಳ ಕೆಲಸ. ಉಳಿದ ದಿನಗಳಲ್ಲಿ ಅದೇ ಗಾಡಿ ಮಗಳನ್ನು ಶಾಲೆಗೆ ಬಿಡಬೇಕು, ಸುಂಟಿಕೊಪ್ಪದ ಸಂತೆಗೆ ಹೋಗಬೇಕು, ಅಮ್ಮನನ್ನು ಮೈಸೂರಿನ ಆಸ್ಪತ್ರೆಗೆ ಸೊಂಟ ನೋಯದಂತೆ ಕರೆದೊಯ್ಯಬೇಕು. ಎರಡು ಗಾಡಿ ಇಡುವ ಶಕ್ತಿ ಇಲ್ಲ. ಕೈಯಲ್ಲಿದ್ದದ್ದು ಆರು ಲಕ್ಷ; ಅದರಲ್ಲೂ ಒಂದು ಲಕ್ಷವನ್ನು ಕೊಂಡ ನಂತರದ ರಿಪೇರಿಗೆಂದು ಮೊದಲೇ ಬೇರೆ ತೆಗೆದಿಟ್ಟಿದ್ದೆ. ಹಳೆಯ ಗಾಡಿ ಕೊಳ್ಳುವ ಯಾರಿಗಾದರೂ ನಾನು ಒತ್ತಿ ಹೇಳುವುದು ಇದನ್ನೇ. ಇರುವ ಹಣವೆಲ್ಲ ಗಾಡಿಯ ಬೆಲೆಗೇ ಹೋದರೆ, ಸವೆದ ಟಯರಿನಲ್ಲೇ ಮಳೆಗಾಲ ಕಳೆಯಬೇಕಾಗುತ್ತದೆ.

ಮನೆಯವರೆಲ್ಲರ ಮನಸ್ಸು ಜೀಪಿನ ಕಡೆಗಿತ್ತು. ಅದು ಸಹಜ. ನಲವತ್ತರ ದಶಕದ ಕೊನೆಗೆ ಮಹೀಂದ್ರಾದವರು ವಿಲ್ಲೀಸ್ ಜೀಪುಗಳನ್ನು ಇಲ್ಲಿ ಜೋಡಿಸಲು ಆರಂಭಿಸಿದಂದಿನಿಂದ ಕೊಡಗಿನ ತೋಟಗಳು ಜೀಪಿನ ಮೇಲೆಯೇ ನಿಂತಿವೆ. ಎಂಎಂ 540 ಎಂದರೆ ಇಂದಿಗೂ ಕಣ್ಣರಳಿಸುವವರಿದ್ದಾರೆ. ನನಗೂ ಅದರ ಮೇಲೆ ಪ್ರೀತಿಯಿದೆ. ಬಾಗಿ ಹೋಗುವ ತೋಟದ ದಾರಿಯಲ್ಲಿ ಅದರಷ್ಟು ಚುರುಕಾಗಿ ತಿರುಗುವ ಇನ್ನೊಂದು ಗಾಡಿ ಇಲ್ಲ. ಆದರೆ ಟ್ರೇಲರ್ ಕಟ್ಟಿಕೊಂಡು ತಾರು ರಸ್ತೆಯಲ್ಲಿ ಇಳಿಯುವಾಗ ಅದೇ ಗಿಡ್ಡತನ ಶತ್ರುವಾಗುತ್ತದೆ. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ ಕಡಿಮೆಯಾದಷ್ಟೂ ಹಿಂದಿನಿಂದ ನೂಕುವ ಭಾರ ಗಾಡಿಯ ಬಾಲವನ್ನು ಸುಲಭವಾಗಿ ಪಕ್ಕಕ್ಕೆ ತಳ್ಳುತ್ತದೆ. ಒದ್ದೆ ತಿರುವಿನಲ್ಲಿ ಬ್ರೇಕ್ ಒತ್ತಿದಾಗ ಜೀಪು ಮತ್ತು ಟ್ರೇಲರ್ ಕತ್ತರಿಯಂತೆ ಮಡಚಿಕೊಳ್ಳುವುದು ಹೀಗೆಯೇ. 2010ರಲ್ಲಿ ಬಂದ ಮೊದಲ ಥಾರ್‌ನ ಈ ಅಂತರ 2,430 ಮಿಲಿಮೀಟರ್, ಹಳೆಯ ಜೀಪಿನದು ಅದಕ್ಕಿಂತ ಕಡಿಮೆ. ಇಸುಜು ವಿ-ಕ್ರಾಸ್ ಪಿಕಪ್ಪಿನದು 3,095. ಜೊತೆಗೆ ಹಳೆಯ ಜೀಪುಗಳಲ್ಲಿ ಡ್ರಮ್ ಬ್ರೇಕುಗಳೇ ಹೆಚ್ಚು. ತೋಡು ದಾಟಿ ಬಂದ ಮೇಲೆ ಅವು ಒಣಗುವ ತನಕ ಕಾಲಿನ ಬಲವೆಲ್ಲ ವ್ಯರ್ಥ. ಅಮ್ಮನನ್ನು ಅದರಲ್ಲಿ ಮೈಸೂರಿಗೆ ಕರೆದೊಯ್ಯುವ ಮಾತಂತೂ ಬೇಡ.

ಬೊಲೆರೊ ಕ್ಯಾಂಪರ್ ನಮ್ಮ ಕಡೆಯ ನಿಜವಾದ ಕೆಲಸಗಾರ. ಎರಡು ಸಾಲು ಸೀಟು, ಹಿಂದೆ ಒಂದು ಟನ್ ಹೊರುವ ತೊಟ್ಟಿ. 2,523 ಸಿಸಿಯ ಸರಳ ಎಂಜಿನ್ನನ್ನು ಸೋಮವಾರಪೇಟೆಯಲ್ಲಿಯೂ ಗೋಣಿಕೊಪ್ಪದಲ್ಲಿಯೂ ಕಣ್ಣು ಮುಚ್ಚಿಕೊಂಡು ಬಿಚ್ಚಿ ಜೋಡಿಸುವವರಿದ್ದಾರೆ. ಬಹುತೇಕ ಕ್ಯಾಂಪರ್‌ಗಳು ಸರಕು ವಾಹನಗಳಾಗಿ ಹಳದಿ ಫಲಕದಲ್ಲಿರುತ್ತವೆ. ಅವುಗಳಿಗೆ ಮೊದಲ ಎಂಟು ವರ್ಷ ಎರಡು ವರ್ಷಕ್ಕೊಮ್ಮೆ, ಅನಂತರ ಪ್ರತಿ ವರ್ಷ ಫಿಟ್‌ನೆಸ್ ಪ್ರಮಾಣಪತ್ರ ಬೇಕು. ಓಡಿಸಲು ಬೇರೆ ಲೈಸೆನ್ಸ್ ಬೇಕೆಂದು ಹಲವರು ಹಿಂಜರಿಯುತ್ತಾರೆ. 7,500 ಕಿಲೋ ಒಳಗಿನ ಸಾರಿಗೆ ವಾಹನಗಳನ್ನು ಸಾಮಾನ್ಯ ಲಘು ವಾಹನ ಲೈಸೆನ್ಸಿನಲ್ಲೇ ಓಡಿಸಬಹುದೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರಿನಲ್ಲಿ ಸ್ಪಷ್ಟಪಡಿಸಿದೆ. ನಾನು ಕ್ಯಾಂಪರ್ ಬಿಟ್ಟದ್ದು ಕಾಗದಪತ್ರಕ್ಕಲ್ಲ. ನೋಡಿದವುಗಳಲ್ಲಿ ಹೆಚ್ಚಿನವು ಹಿಂದಿನ ಚಕ್ರಗಳಿಗೆ ಮಾತ್ರ ಶಕ್ತಿ ಹೋಗುವಂಥವು, ಖಾಲಿ ಇರುವಾಗ ಹಿಂಭಾಗ ಹಗುರ, ನಮ್ಮ ಮನೆಯ ದಾರಿಯ ಜೇಡಿಮಣ್ಣಿನಲ್ಲಿ ಜುಲೈ ತಿಂಗಳಿಗೆ ಅದು ಸಾಲದು. ನಾಲ್ಕು ಚಕ್ರದ, ಅಂದರೆ ನಾಲ್ಕಕ್ಕೂ ಶಕ್ತಿ ಹೋಗುವ, ಕ್ಯಾಂಪರ್ ಸಿಕ್ಕಿದ್ದರೆ ಬಹುಶಃ ಅದನ್ನೇ ತೆಗೆದುಕೊಳ್ಳುತ್ತಿದ್ದೆ.

ವಿ-ಕ್ರಾಸ್ ಎಲ್ಲರಿಗೂ ಇಷ್ಟ. 2016ರಲ್ಲಿ ಬಂದ 2.5 ಲೀಟರ್ ಗಾಡಿ ಘಾಟಿಯಲ್ಲಿ ನೆಲಕ್ಕೆ ಅಂಟಿಕೊಂಡು ಓಡುತ್ತದೆ. ಆದರೆ ಹಳತಾದರೂ ಅದರ ಬೆಲೆ ಇಳಿಯುವುದಿಲ್ಲ, ನನ್ನ ಕೈಗೆ ನಿಲುಕಲಿಲ್ಲ. ಇನ್ನೊಂದು ವಿಷಯವನ್ನೂ ಹೇಳಬೇಕು. ವಿ-ಕ್ರಾಸ್‌ನ ಮೂಲ ಹೆಸರು ಡಿ-ಮ್ಯಾಕ್ಸ್; ‘ಇದೇ ಡಿ-ಮ್ಯಾಕ್ಸ್ ಆಸ್ಟ್ರೇಲಿಯಾದಲ್ಲಿ 3,500 ಕಿಲೋ ಎಳೆಯುತ್ತದೆ’ ಎಂದು ಮಾರುವವರು ಹೇಳುತ್ತಾರೆ. ಅದು ಅಲ್ಲಿನ 3 ಲೀಟರ್ ಎಂಜಿನ್ನಿನ ಗಾಡಿಯ ಮಾತು; ಅದೂ ಟ್ರೇಲರಿಗೆ ತನ್ನದೇ ಬ್ರೇಕ್ ಇದ್ದಾಗ ಮಾತ್ರ. ಬ್ರೇಕ್ ಇಲ್ಲದ ಟ್ರೇಲರಿಗೆ ಅಲ್ಲಿಯೂ ಯುರೋಪಿನಲ್ಲಿಯೂ ಇರುವ ಮಿತಿ 750 ಕಿಲೋ. ನಮ್ಮ ವೆಲ್ಡಿಂಗ್ ಅಂಗಡಿಗಳಲ್ಲಿ ಮಾಡಿಸಿದ ಟ್ರೇಲರುಗಳಿಗೆ ಬ್ರೇಕ್ ಎಲ್ಲಿದೆ?

ಕೊನೆಗೆ ಉಳಿದದ್ದು ಟಾಟಾ ಕ್ಸೆನಾನ್ ಮತ್ತು ಸ್ಕಾರ್ಪಿಯೊ ಗೆಟ್‌ಅವೇ. ಎರಡೂ ಉದ್ದದ ಗಾಡಿಗಳು, ಎರಡರಲ್ಲೂ ನಾಲ್ಕು ಚಕ್ರದ ಮಾದರಿಗಳಿವೆ, ಎರಡೂ ಈಗ ತಯಾರಾಗುತ್ತಿಲ್ಲವಾದ್ದರಿಂದ ಬೆಲೆ ಕಡಿಮೆ. ಕ್ಸೆನಾನ್‌ನ 2.2 ಲೀಟರ್ ಎಂಜಿನ್ನಿನ ಶಕ್ತಿಯೇ ಹೆಚ್ಚು. ಆದರೂ ನಾನು ಗೆಟ್‌ಅವೇ ಕಡೆಗೆ ವಾಲಿದ್ದು ಒಂದೇ ಕಾರಣಕ್ಕೆ: ಎಂಜಿನ್, ಗೇರ್‌ಬಾಕ್ಸ್, ಬ್ರೇಕುಗಳ ಬಹುಪಾಲು ಬಿಡಿಭಾಗಗಳು ಸ್ಕಾರ್ಪಿಯೊದವೇ, ಮತ್ತು ಸ್ಕಾರ್ಪಿಯೊ ಇಲ್ಲದ ಊರು ಕರ್ನಾಟಕದಲ್ಲಿಲ್ಲ. ಪ್ರತಿದಿನ ಓಡಿಸುವ ಗಾಡಿಗೆ ಶಕ್ತಿಗಿಂತ, ಕೆಟ್ಟ ಸಂಜೆಯೇ ಬಿಡಿಭಾಗ ಸಿಗುವುದು ಮುಖ್ಯ. ಆಗಸ್ಟ್‌ನಲ್ಲಿ ಗುಡ್ಡ ಕುಸಿದು ರಸ್ತೆ ಮುಚ್ಚಿದರೆ ಹೊರಗಿನಿಂದ ಪಾರ್ಸೆಲ್ ಬರುವುದಕ್ಕೆ ಕಾಯುತ್ತ ಕೂರಬೇಕಾದ ಊರು ನಮ್ಮದು. 2018ರ ಭೂಕುಸಿತಗಳನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ.

ಬಿಎಸ್ 6 ಎಂಬ ಹೊಸ ಹೊಗೆ ಮಾನದಂಡದ ಡೀಸೆಲ್ ಗಾಡಿಗಳು ಸೆಕೆಂಡ್‌ಹ್ಯಾಂಡ್ ಮಾರುಕಟ್ಟೆಗೆ ಬರತೊಡಗಿವೆ. ಅವುಗಳ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಆ ಮಸಿ ಸುಟ್ಟುಹೋಗಬೇಕಾದರೆ ಎಂಜಿನ್ ಒಂದಷ್ಟು ಹೊತ್ತು ಬಿಸಿಯಾಗಿ, ಒಂದೇ ವೇಗದಲ್ಲಿ ಓಡಬೇಕು. ಕಣದಿಂದ ಕೆರೆಗೆ, ಕೆರೆಯಿಂದ ಕಾರ್ಮಿಕರ ಲೈನ್ ಮನೆಗೆ ಮೊದಲ ಗೇರಿನಲ್ಲಿ ತೆವಳುವ ಗಾಡಿಗೆ ಅಂಥ ಓಟ ಸಿಗುವುದಿಲ್ಲ, ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಪರಿಸರಕ್ಕೆ ಹೊಸದು ಒಳ್ಳೆಯದು ಎಂಬುದರಲ್ಲಿ ಸಂಶಯವಿಲ್ಲ. ವಾರಕ್ಕೊಮ್ಮೆಯಾದರೂ ಮೈಸೂರಿಗೆ ಓಡುವವರು ಧೈರ್ಯವಾಗಿ ಕೊಳ್ಳಬಹುದು. ತೋಟದೊಳಗೇ ಹೆಚ್ಚು ಓಡಿಸುವವರು 2020ರ ಮಾರ್ಚ್‌ಗಿಂತ ಹಿಂದಿನ ಗಾಡಿಯನ್ನು ಚೆನ್ನಾಗಿ ನೋಡಿಕೊಂಡು ಬಳಸುವುದೇ ಸರಿಯೆಂದು ನನ್ನ ಅಭಿಪ್ರಾಯ.

ಓಡಿದ ಕಿಲೋಮೀಟರ್ ಬಗ್ಗೆ ನಮ್ಮವರ ನಂಬಿಕೆಯೊಂದನ್ನು ಬಲವಾಗಿ ಅಲ್ಲಗಳೆಯಬೇಕೆನಿಸುತ್ತದೆ. ‘ಬರೀ ಅರುವತ್ತು ಸಾವಿರ ಓಡಿದೆ, ತೋಟದೊಳಗೇ ಇತ್ತು’ ಎಂದು ಜಾಹೀರಾತಿನಲ್ಲಿ ಬರೆಯುತ್ತಾರೆ. ತೋಟದೊಳಗೆ ಓಡಿದ ಅರುವತ್ತು ಸಾವಿರ ಕಿಲೋಮೀಟರ್ ಎಂದರೆ ಏನು? ಮೊದಲ ಗೇರು, ಎರಡನೇ ಗೇರು, ಅರ್ಧ ಒತ್ತಿದ ಕ್ಲಚ್, ಗಂಟೆಗೆ ಹತ್ತು ಕಿಲೋಮೀಟರ್ ವೇಗ, ತುಂಬಿದ ತೊಟ್ಟಿ. ಎಂಜಿನ್ ದುಡಿದದ್ದು ಗಂಟೆಗಳ ಲೆಕ್ಕದಲ್ಲಿ. ಮೀಟರ್ ತೋರಿಸುವುದು ದೂರವನ್ನು ಮಾತ್ರ. ಬೆಂಗಳೂರು ರಸ್ತೆಯಲ್ಲಿ ಐದನೇ ಗೇರಿನಲ್ಲಿ ಒಂದೂವರೆ ಲಕ್ಷ ಓಡಿದ ಗಾಡಿಯ ಕ್ಲಚ್, ಬೇರಿಂಗ್, ಚಾಸಿಗಳೆಲ್ಲ ಅದಕ್ಕಿಂತ ಎಷ್ಟೋ ಗಟ್ಟಿಯಾಗಿರಬಹುದು. ಮಾಂದಲಪಟ್ಟಿಗೆ ಪ್ರವಾಸಿಗರನ್ನು ಹೊತ್ತು ಬಾಡಿಗೆಗೆ ಓಡಿದ ಜೀಪು ಎಷ್ಟೇ ಹೊಳೆದರೂ ಅದರ ಕೀಲುಗಳಿಗೆ ಆ ದಾರಿಯ ಕಲ್ಲುಗಳ ನೆನಪಿರುತ್ತದೆ. ದಿಲ್ಲಿ ಪ್ರದೇಶದಲ್ಲಿ ಹಳೆಯ ಡೀಸೆಲ್ ವಾಹನಗಳಿಗೆ ನಿರ್ಬಂಧಗಳಿರುವುದರಿಂದ ಅಲ್ಲಿಂದ ಅಗ್ಗಕ್ಕೆ ಬರುವ ಗಾಡಿಗಳೂ ಇವೆ. ನಿರಾಕ್ಷೇಪಣಾ ಪತ್ರ ತಂದು ಇಲ್ಲಿ ಮತ್ತೆ ಆಜೀವ ತೆರಿಗೆ ಕಟ್ಟುವ ಹೊತ್ತಿಗೆ ಆ ಅಗ್ಗ ಕರಗಿಹೋಗುತ್ತದೆ.

ನೆರೆಯಲ್ಲಿ ಮುಳುಗಿದ ಗಾಡಿಯನ್ನು ಗುರುತಿಸಲು ನಮ್ಮ ಮೆಕ್ಯಾನಿಕ್ ಕಲಿಸಿದ ಉಪಾಯ ಸರಳವಾದದ್ದು. ಸೀಟ್ ಬೆಲ್ಟನ್ನು ಕೊನೆಯ ತನಕ ಎಳೆಯಿರಿ. ಹೊರಗೆ ಕಾಣುವ ಭಾಗವನ್ನು ತೊಳೆದಿರುತ್ತಾರೆ, ಸುರುಳಿಯೊಳಗಿನ ಭಾಗದಲ್ಲಿ ಕೆಸರು ನೀರಿನ ಗೆರೆ ಉಳಿದಿರುತ್ತದೆ. ಡ್ಯಾಶ್‌ಬೋರ್ಡಿನ ಕೆಳಗೆ ಕೈ ಹಾಕಿ ವೈರುಗಳ ಮೇಲೆ ಸವರಿದರೆ ಸಣ್ಣ ಮಣ್ಣು ಬೆರಳಿಗೆ ಹತ್ತುತ್ತದೆ. ಅಂಥ ಗಾಡಿಯನ್ನು ಯಾವ ಬೆಲೆಗೂ ತೆಗೆದುಕೊಳ್ಳಬಾರದು.

ಉಳಿದ ಪರೀಕ್ಷೆಗೆ ಬೆಳಗ್ಗೆ ಬೇಗ ಹೋಗಬೇಕು, ಬಾನೆಟ್ ತಣ್ಣಗಿರುವಾಗ. ಮೊದಲೇ ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟಿದ್ದರೆ ಇನ್ನೊಂದು ದಿನ ಬರುತ್ತೇನೆಂದು ಹೇಳಿ ಹೊರಡುವುದೇ ಒಳ್ಳೆಯದು. ತಣ್ಣನೆಯ ಎಂಜಿನ್ ಹೇಗೆ ಹೊತ್ತಿಕೊಳ್ಳುತ್ತದೆ, ಹೊಗೆ ಯಾವ ಬಣ್ಣದ್ದು, ಎಣ್ಣೆ ಹಾಕುವ ಮುಚ್ಚಳ ತೆಗೆದಾಗ ಒಳಗಿನಿಂದ ಆವಿ ಎಷ್ಟು ಜೋರಾಗಿ ನುಗ್ಗುತ್ತದೆ ಎಂದು ನೋಡಿ. ನೀಲಿ ಹೊಗೆಯೆಂದರೆ ಎಂಜಿನ್ ಎಣ್ಣೆ ಉರಿಯುತ್ತಿದೆ. ಆಮೇಲೆ ನೆಲಕ್ಕೆ ಬೆನ್ನು ಹಚ್ಚಿ ಕೆಳಗೆ ಹೋಗಿ. ಹಿಂಭಾಗದ ಭಾರ ಹೊರುವ ಲೀಫ್ ಸ್ಪ್ರಿಂಗ್ ಪ್ಲೇಟುಗಳ ನಡುವೆ ಹೊಸದಾಗಿ ಸೇರಿಸಿದ ಪ್ಲೇಟು ಕಂಡರೆ ಆ ಗಾಡಿ ಮಿತಿಗಿಂತ ಹೆಚ್ಚು ಹೊತ್ತಿದೆ. ಟ್ರೇಲರ್ ಕಟ್ಟುವ ಹುಕ್ ಕೂರಿಸಿದ ಜಾಗದ ಬೋಲ್ಟ್ ತೂತುಗಳು ಉದ್ದಕ್ಕೆ ಸವೆದಿದ್ದರೆ ಮಿತಿಗಿಂತ ಹೆಚ್ಚು ಎಳೆದಿದೆ. ಚಾಸಿಗೆ ಹೊಸ ಕಪ್ಪು ಬಣ್ಣ ಬಳಿದಿದ್ದರೆ ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿ ಕೇಳಿ. ಗಟ್ಟಿ ಕಬ್ಬಿಣದ ಸದ್ದಿಗೂ ತುಕ್ಕು ತಿಂದ ಕಬ್ಬಿಣದ ಸದ್ದಿಗೂ ವ್ಯತ್ಯಾಸ ತಿಳಿಯುತ್ತದೆ. ಕರಾವಳಿಯಲ್ಲಿದ್ದ ಗಾಡಿಗಳಲ್ಲಿ ಇದನ್ನು ಬಿಡಲೇಬಾರದು. ಟಯರಿನ ಪಕ್ಕದ ನಾಲ್ಕಂಕಿ ಅದರ ಹುಟ್ಟಿದ ವಾರ ಮತ್ತು ವರ್ಷ: 2319 ಎಂದಿದ್ದರೆ 2019ರ ಇಪ್ಪತ್ತಮೂರನೇ ವಾರ. ನಾಲ್ಕು ಚಕ್ರದ ಲೋ ಗೇರನ್ನು ಮಣ್ಣಿನ ಮೇಲೆ ಹಾಕಿ ನೋಡಿ, ಒಣ ತಾರಿನ ಮೇಲೆ ಬೇಡ. ತೋಟದ ಕಡಿದಾದ ಇಳಿತದಲ್ಲಿ ಬ್ರೇಕಿನಿಂದ ಕಾಲು ತೆಗೆದರೂ ಗಾಡಿಯನ್ನು ಹಿಡಿದಿಡುವುದು ಆ ಗೇರೇ.

ಇವೆಲ್ಲಕ್ಕಿಂತ ನಾನು ಹೆಚ್ಚು ನಂಬಿದ ಪರೀಕ್ಷೆ ಒಂದಿದೆ. ತೊಟ್ಟಿಯಲ್ಲಿ ಒಂದಷ್ಟು ಚೀಲ ಹೇರಿ, ಮಾಲೀಕರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಉದ್ದನೆಯ ಇಳಿಜಾರಿನಲ್ಲಿ ಮೂರನೇ ಗೇರಿನಲ್ಲಿ ಇಳಿದು ನೋಡುವುದು. ಕೆಳಗೆ ತಲುಪಿದ ಮೇಲೆ ಪೆಡಲ್ ಮೊದಲಿನಷ್ಟೇ ಗಟ್ಟಿಯಿದೆಯೇ, ಯಾವ ಚಕ್ರದಿಂದಲಾದರೂ ಸುಟ್ಟ ವಾಸನೆ ಬರುತ್ತಿದೆಯೇ, ಬ್ರೇಕ್ ಒತ್ತಿದಾಗ ಸ್ಟೀರಿಂಗ್ ಒಂದು ಬದಿಗೆ ಎಳೆಯುತ್ತದೆಯೇ? ಇದಕ್ಕೆ ಒಪ್ಪದ ಮಾಲೀಕರೂ ಸಿಕ್ಕರು. ಅಲ್ಲಿಗೇ ಮಾತುಕತೆ ಮುಗಿಸಿದೆ.

ಕೊನೆಗೆ ಕೊಂಡದ್ದು ಶನಿವಾರಸಂತೆಯ ಕಡೆಯ ಹಿರಿಯ ಬೆಳೆಗಾರರೊಬ್ಬರ ನಾಲ್ಕು ಚಕ್ರದ ಗೆಟ್‌ಅವೇ, ಬಿಳಿ ಫಲಕದ್ದು. ಅವರು ಅದನ್ನು ಹೆಚ್ಚಾಗಿ ಮೈಸೂರಿನ ಓಡಾಟಕ್ಕೇ ಬಳಸಿದ್ದರು. ಸರ್ವಿಸ್ ಬಿಲ್ಲುಗಳನ್ನೆಲ್ಲ ಒಂದು ಕಡತದಲ್ಲಿ ತಾರೀಖಿನಂತೆ ಜೋಡಿಸಿಟ್ಟಿದ್ದರು. ಬ್ರೇಕ್ ಎಣ್ಣೆ ಬದಲಿಸಿದ ಬಿಲ್ಲುಗಳೂ ಅದರಲ್ಲಿದ್ದವು. ನಾನು ಚೌಕಾಸಿ ಮಾಡಲಿಲ್ಲ. ಅಷ್ಟು ಜತನವಾಗಿ ಸಾಕಿದ ಗಾಡಿಯ ಬೆಲೆಯನ್ನು ಕೆಳಗಿಳಿಸಲು ಮನಸ್ಸು ಬರಲಿಲ್ಲ. ಕಾಗದಪತ್ರದ ಕೆಲಸ ಬೇಗ ಮುಗಿಯಿತು: ಮಾಲೀಕತ್ವ ವರ್ಗಾವಣೆಗೆ 29 ಮತ್ತು 30ನೇ ನಮೂನೆಗಳು, ಹಿಂದೆ ಸಾಲವಿದ್ದುದರಿಂದ ಬ್ಯಾಂಕಿನ ಪತ್ರದ ಜೊತೆ 35ನೇ ನಮೂನೆ, ಹದಿನಾಲ್ಕು ದಿನಗಳೊಳಗೆ ವಿಮೆಯ ವರ್ಗಾವಣೆಗೆ ಅರ್ಜಿ. ಖಾಸಗಿ ನೋಂದಣಿ ಹದಿನೈದು ವರ್ಷಕ್ಕೆ ಮುಗಿಯುತ್ತದೆ, ಅನಂತರ ಐದೈದು ವರ್ಷಕ್ಕೆ ನವೀಕರಿಸಬೇಕು. ಬೆಲೆ ನಿರ್ಧರಿಸುವಾಗ ಉಳಿದ ವರ್ಷಗಳನ್ನು ಎಣಿಸಬೇಕು. ಬಿಳಿ ಫಲಕದ ಗಾಡಿಯಲ್ಲಿ ಬೇರೆಯವರ ಸಾಮಾನನ್ನು ಬಾಡಿಗೆಗೆ ಸಾಗಿಸುವಂತಿಲ್ಲ ಎಂಬುದೂ ನೆನಪಿರಲಿ.

ಗಾಡಿ ಸಿಕ್ಕಿದರೆ ಅರ್ಧ ಕೆಲಸ ಮಾತ್ರ ಆದಂತೆ, ಉಳಿದರ್ಧ ಟ್ರೇಲರಿನದು. ಮೋಟಾರು ವಾಹನ ಕಾಯ್ದೆಯ ಪ್ರಕಾರ ಟ್ರೇಲರ್ ಕೂಡ ಒಂದು ವಾಹನ. ಸಾರ್ವಜನಿಕ ರಸ್ತೆಗೆ ಇಳಿಸಲು ಅದಕ್ಕೆ ಬೇರೆ ನೋಂದಣಿ, ಬೇರೆ ವಿಮೆ ಬೇಕು. ಸ್ವಂತ ತೋಟದೊಳಗೆ ಪಂಪ್‌ಸೆಟ್ ಎಳೆಯುವುದು ಒಂದು, ಅದೇ ಬಂಡಿಯನ್ನು ಹೆದ್ದಾರಿಗೆ ತರುವುದು ಇನ್ನೊಂದು. ನೋಂದಣಿಯಿಲ್ಲದ ಟ್ರೇಲರ್ ಯಾರಿಗಾದರೂ ತಾಗಿದರೆ ಆ ಕುಟುಂಬಕ್ಕೆ ಪರಿಹಾರ ಕೊಡುವವರು ಯಾರು ಎಂದು ಒಮ್ಮೆ ಯೋಚಿಸಬೇಕು. ಹೇರುವ ಕ್ರಮವೂ ಅಷ್ಟೇ ಮುಖ್ಯ. ಟ್ರೇಲರಿನ ಒಟ್ಟು ತೂಕದ ನೂರಕ್ಕೆ ಹತ್ತರಿಂದ ಹದಿನೈದು ಭಾಗ ಹುಕ್ಕಿನ ಮೇಲೆ ಕೂರಬೇಕು; 800 ಕಿಲೋಗೆ 80ರಿಂದ 120. ಚೀಲಗಳನ್ನು ಹಿಂದಕ್ಕೆ ಹೇರಿದರೆ ಹುಕ್ ಹಗುರವಾಗಿ ಟ್ರೇಲರ್ ಹಾವಿನಂತೆ ಓಲಾಡತೊಡಗುತ್ತದೆ, ವೇಗ ಹೆಚ್ಚಿದಂತೆ ಓಲಾಟವೂ ಹೆಚ್ಚುತ್ತದೆ. ತೀರ ಮುಂದಕ್ಕೆ ಹೇರಿದರೆ ಪಿಕಪ್ಪಿನ ಹಿಂಭಾಗ ಕುಸಿದು ಮುಂದಿನ ಚಕ್ರಗಳು ಹಗುರವಾಗುತ್ತವೆ; ಸ್ಟೀರಿಂಗ್ ಮತ್ತು ಬ್ರೇಕಿನ ಹಿಡಿತ ಹೆಚ್ಚು ಬೇಕಾದದ್ದು ಆ ಚಕ್ರಗಳಿಗೇ. ಕಾಫಿ ತೂಗುವ ತಕ್ಕಡಿಯಲ್ಲೇ ಹುಕ್ಕಿನ ಭಾರವನ್ನೂ ತೂಗಬಹುದು.

ಟ್ರೇಲರ್ ಕಟ್ಟಿಕೊಂಡು ಕತ್ತಲಾದ ಮೇಲೆ ಹೊರಡುವುದಿಲ್ಲ ಎಂದು ಮನೆಯಲ್ಲಿ ನಿಯಮ ಮಾಡಿದ್ದೇವೆ. ನಮ್ಮ ಕಡೆ ಆನೆಗಳು ಸಂಜೆಯ ಹೊತ್ತಿಗೆ ರಸ್ತೆ ದಾಟುತ್ತವೆ. ತಿರುವಿನಲ್ಲಿ ಎದುರಾದರೆ ಬರೀ ಪಿಕಪ್ಪನ್ನು ಹಿಂದಕ್ಕೆ ತೆಗೆದುಕೊಳ್ಳಬಹುದು. ಟ್ರೇಲರ್ ಇದ್ದರೆ ಕಿರಿದಾದ ದಾರಿಯಲ್ಲಿ, ಗಾಬರಿಯಲ್ಲಿ, ನೇರವಾಗಿ ಹಿಂದೆ ಹೋಗುವುದು ಪಳಗಿದ ಚಾಲಕರಿಗೂ ಆಗದ ಮಾತು.

ಈಗ ಗಾಡಿಯ ಕ್ಲಚ್ ಸ್ವಲ್ಪ ಮೇಲೆ ಹಿಡಿಯುತ್ತಿದೆ. ಬರುವ ಕೊಯ್ಲಿನೊಳಗೆ ಅದನ್ನು ಬದಲಿಸಬೇಕು, ಬೇರೆ ತೆಗೆದಿಟ್ಟ ಲಕ್ಷದಲ್ಲಿ ಅದಕ್ಕೆ ಹಣವಿದೆ. ಉಳಿದದ್ದರಲ್ಲಿ ಟ್ರೇಲರಿಗೆ ಬ್ರೇಕ್ ಹಾಕಿಸಬೇಕೆಂದಿದ್ದೇನೆ. ಗಾಡಿ ನಿಧಾನಿಸಿದಾಗ ಹಿಂದಿನ ಭಾರವೇ ಹುಕ್ಕನ್ನು ಒತ್ತಿ, ಆ ಒತ್ತಡದಿಂದಲೇ ಟ್ರೇಲರಿನ ಡ್ರಮ್ ಬ್ರೇಕುಗಳನ್ನು ಎಳೆಯುವ ವ್ಯವಸ್ಥೆ ಅದು. ಪಿಕಪ್ಪಿನಿಂದ ವೈರಾಗಲಿ ಪೈಪಾಗಲಿ ಬೇಕಿಲ್ಲ. ಕೊಡಗಿನಲ್ಲಿ ಯಾರಾದರೂ ಈಗಾಗಲೇ ಇದನ್ನು ನೋಂದಾಯಿತ ಟ್ರೇಲರಿಗೆ ಹಾಕಿಸಿದ್ದರೆ, ಯಾವ ಅಳತೆಯ ಡ್ರಮ್ ಬಳಸಿದಿರಿ, ಮಳೆಗಾಲದ ಕೆಸರಿನಲ್ಲಿ ಅದು ಹೇಗೆ ನಡೆದುಕೊಂಡಿತು ಎಂದು ತಿಳಿಸಿ. ಡಿಸೆಂಬರ್‌ಗೆ ಮುಂಚೆ ಕೆಲಸ ಮುಗಿಸಬೇಕಿದೆ.